ರುದ್ರಯ್ಯನ ಚೆಕಿಂಗ್

ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೇರೆಯವರು ಮಾಡಿದ ಬೋಲ್ಟುಗಳನ್ನು ಚೆಕ್ ಮಾಡಿ ನಿವೃತ್ತನಾದ ರುದ್ರಯ್ಯನಿಗೆ ಯಾವುದರ ಮೇಲೂ ನಂಬಿಕೆಯಿಲ್ಲ. ಪಕ್ಕದ ಮನೆಯ ಸ್ಟೆಲ್ಲಾ ಟೀಚರ್ ಓಣಿಯ ಮಕ್ಕಳಿಗೆ ಕತ್ತಲ ಕಾಡಿನ, ಕುರಿ ಕಾಯುವ ರಾಜನ ಕ್ರೈಸ್ತ ಕಥೆ ಓದಿ ಹೇಳುತ್ತಾರೆಂದು ತಿಳಿದಾಗ, ಎದೆಯ ಲಿಂಗ ಮುಟ್ಟಿಕೊಂಡೇ ಅಲ್ಲಿಗೆ ಹೋದ.

"ಕಥೆ ನೆಪದಲ್ಲಿ ಏನೇನ್ ತುಂಬ್ತೀರೋ! ಮೊದ್ಲು ನಾನು ಚೆಕ್ ಮಾಡ್ಬೇಕು, ಆ ಪುಸ್ತಕ ಕೊಡ್ರೀ."

ತಪ್ಪು ಕಂಡಲ್ಲಿ ಗುರುತು ಹಾಕಲು ಕೆಂಪು ಪೆನ್ಸಿಲ್ ಹಿಡಿದು ಕೂತ. ವಾರದ ನಂತರ ಒಂದೂ ಗುರುತಿಲ್ಲದ ಪುಸ್ತಕ ಹಿಂದಿರುಗಿಸಿ, "ಆದ್ರೂ ನಂಗೆ ಡೌಟೇ," ಎಂದು ಗೊಣಗಿದ.

ಶನಿವಾರ ಟೀಚರ್ ಓದಿದ ಭಾಗದಲ್ಲಿ ರಾಜ ಸತ್ತುಹೋದ. ಮೊಮ್ಮಗಳು ಅಕ್ಷತಾ ಬಿಕ್ಕುತ್ತಾ ಮನೆಗೆ ಬಂದಳು.

"ಅಳ್ಬೇಡ ಕಣೇ. ಮೂರನೇ ದಿನ ಎದ್ದು ಬರ್ತಾನೆ," ಎಂದ ರುದ್ರಯ್ಯ.

"ಗ್ಯಾರಂಟಿನಾ ತಾತ?"

"ನಾಲ್ಕು ಸಲ ಚೆಕ್ ಮಾಡಿದೀನಿ."