ಬಿಲ್ಲೆಯ ಅಂಚಿನ ಪೆನ್ಸಿಲ್ ಗುರುತು

ಒಂದು ಕಾಲದಲ್ಲಿ ನನಗೆ ಕಾರ್ಬನ್ ಅಂದರೆ ಆಗುತ್ತಿರಲಿಲ್ಲ. ಇದ್ದಿಲು, ಬಸ್ಸಿನ ಹೊಗೆ, ದೀಪದ ಮಸಿ, ಸೀದ ದೋಸೆಯ ಕರಿ ಅಂಚು, ಎಲ್ಲದರ ಮೇಲೂ ಸಿಟ್ಟು. ಮನೆಯಲ್ಲಿ ನಗುತ್ತಿದ್ದರು. ನಗಲಿ, ಅವರಿಗೇನು ಗೊತ್ತು. ಹನ್ನೆರಡು ವರ್ಷದಿಂದ ನನ್ನ ಹೊಟ್ಟೆಪಾಡೇ ಕಾರ್ಬನ್ನನ್ನು ಓಡಿಸುವುದಾಗಿತ್ತು. ಹೈದರಾಬಾದಿನ ನಾಚಾರಂ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ತಗಡಿನ ಶೆಡ್ಡಿನಲ್ಲಿ ನಮ್ಮ ಪ್ರಯೋಗಾಲಯ. ಎಡಕ್ಕೆ ರಟ್ಟಿನ ಡಬ್ಬ ಮಾಡುವವರು, ಬಲಕ್ಕೆ ಪ್ಲಾಸ್ಟಿಕ್ ಕರಗಿಸುವವರು. ನಡುವೆ ನಾವು, ಕಾರ್ಬನ್ ಇಲ್ಲದ ಬ್ಯಾಟರಿ ಮಾಡುತ್ತೇವೆ ಅಂತ ಹೊರಟವರು.

ನಮ್ಮ ಬ್ಯಾಟರಿ ಗಾಳಿ ಕುಡಿಯುವಂಥದ್ದು. ಒಂದು ಬದಿಗೆ ಸತು, ಇನ್ನೊಂದು ಬದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಒಂದು ಬಿಲ್ಲೆ, ನಡುವೆ ಪೊಟ್ಯಾಶಿನ ಕ್ಷಾರ. ಕರೆಂಟು ಕೊಡುವಾಗ ಬಿಲ್ಲೆ ಗಾಳಿಯ ಆಮ್ಲಜನಕವನ್ನು ಒಳಗೆ ಎಳೆದುಕೊಳ್ಳುತ್ತದೆ, ಚಾರ್ಜ್ ಮಾಡುವಾಗ ಹೊರಗೆ ಬಿಡುತ್ತದೆ. ಸಾಮಾನ್ಯವಾಗಿ ಈ ಬಿಲ್ಲೆಗೆ ಕಾರ್ಬನ್ ಪುಡಿ ಬಳಸುತ್ತಾರೆ, ಅಗ್ಗ ಅಂತ. ಚಾರ್ಜ್ ಮಾಡುವಾಗ ಹುಟ್ಟುವ ಆಮ್ಲಜನಕ ಆ ಕಾರ್ಬನ್ನನ್ನೇ ತಿನ್ನುತ್ತದೆ. ತಿಂದದ್ದು ಕಾರ್ಬೋನೇಟ್ ಆಗಿ, ಬಿಳಿ ಹರಳಾಗಿ ರಂಧ್ರಗಳಲ್ಲಿ ಕೂತು ಬ್ಯಾಟರಿಯ ಉಸಿರು ಕಟ್ಟಿಸುತ್ತದೆ. ಅದಕ್ಕೇ ನಮ್ಮ ಬಿಲ್ಲೆಯಲ್ಲಿ ಬರೀ ನಿಕ್ಕಲ್ ಪುಡಿ, ಜೊತೆಗೊಂದಿಷ್ಟು ಲೋಹದ ಆಕ್ಸೈಡು. ಪ್ರೆಸ್ಸಿನಲ್ಲಿ ಒತ್ತಿ, ಕುಲುಮೆಯಲ್ಲಿ ಕಾಯಿಸಿದರೆ ಆಯಿತು. ಆಯಿತು ಅಂತ ಬರೆಯುವುದು ಸುಲಭ. ಒತ್ತಿದ ಬಿಲ್ಲೆ ಅಚ್ಚಿನಿಂದ ಹೊರಗೆ ಬರುವಾಗಲೇ ಬಿರುಕು ಬಿಡುತ್ತಿತ್ತು. ನಾನು ಒತ್ತಿದ ಹತ್ತರಲ್ಲಿ ಎಂಟು ಕಸದ ಬುಟ್ಟಿಗೆ.

ಬಿಲ್ಲೆ ಬಿರಿಯದಂತೆ ಒತ್ತಿದವರು ಒಬ್ಬರೇ. ರಾಯಚೂರು ಕಡೆಯವರು, ಇದೇ ಊರಿನ ಬಾಲಾನಗರದ ವರ್ಕ್‌ಶಾಪುಗಳಲ್ಲಿ ಇಪ್ಪತ್ತೈದು ವರ್ಷ ಅಚ್ಚು ಕೊರೆದು, ಅರವತ್ತರ ಹತ್ತಿರ ನಮ್ಮಲ್ಲಿಗೆ ಒಪ್ಪಂದದ ಮೇಲೆ ಬಂದಿದ್ದರು. ಮೊದಲ ದಿನ ನಾನು ಸರ್ ಅಂದೆ.

"ಸರ್ ಗಿರ್ ಬ್ಯಾಡ ತಂಗಿ. ಕಾಕಾ ಅನ್ನು, ಸಾಕು" ಅಂದರು.

ಶೆಡ್ಡಿನಲ್ಲಿ ತೆಲುಗು, ಹಿಂದಿ, ಇಂಗ್ಲಿಷು ನಡೆಯುತ್ತಿತ್ತು. ಕನ್ನಡ ನಮ್ಮಿಬ್ಬರದೇ. ನನ್ನ ಮೈಸೂರು ಕನ್ನಡ ಕೇಳಿ ಅವರಿಗೆ ಮೋಜು. "ನೀ ಮಾತಾಡಿದ್ರ ಬೈದ್ರೂ ಬೈದಂಗ ಅನಸಂಗಿಲ್ಲ ನೋಡು" ಅನ್ನುತ್ತಿದ್ದರು. ಮಧ್ಯಾಹ್ನ ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನಗೆ. ನನ್ನ ಚಿತ್ರಾನ್ನ ಅವರಿಗೆ. ಅವರದು ಹೇಗೆ ಬಿರಿಯುವುದಿಲ್ಲ ಅಂತ ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಒತ್ತಡವನ್ನು ಒಮ್ಮೆಲೇ ಇಳಿಸುತ್ತಿರಲಿಲ್ಲ. ಹಿಡಿಕೆಯನ್ನು ಕೂದಲೆಳೆಯಷ್ಟು ಸಡಿಲಿಸಿ ಕಾಯುವುದು, ಮತ್ತೆ ಸಡಿಲಿಸಿ ಕಾಯುವುದು. ಎಷ್ಟು ಹೊತ್ತು ಅಂತ ಕೇಳಿದರೆ, "ಅದು ಬಿಡ್ತೀನಿ ಅನ್ನೂತನಕ" ಅನ್ನುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಇದನ್ನು ಎಷ್ಟು ಸೆಕೆಂಡು ಅಂತ ಬರೆದುಕೊಳ್ಳಲಿ?

ಕುಲುಮೆಯಿಂದ ಬಂದ ಪ್ರತಿ ಬಿಲ್ಲೆಯ ಹಿಂದೆ, ಅಂಚಿನಲ್ಲಿ, ಅವರು ಪೆನ್ಸಿಲ್‌ನಿಂದ ಅಂಕಿ ಬರೆಯುತ್ತಿದ್ದರು. ಅಚ್ಚು ಕೊರೆಯುವವರ ಅಭ್ಯಾಸ ಅದು, ಕೈಗೆ ಬಂದದ್ದಕ್ಕೆಲ್ಲ ಗುರುತು ಹಾಕುವುದು. ಇಂಕಾದರೆ ರಂಧ್ರಗಳಲ್ಲಿ ಹರಡುತ್ತದೆ ಅಂತ ಪೆನ್ಸಿಲ್. ಅದೂ ಕನ್ನಡದ ಅಂಕಿ. ಉಳಿದವರಿಗೆ ಓದಲು ಬಾರದೆ ನನ್ನನ್ನೇ ಕೇಳಬೇಕಿತ್ತು. ನಮ್ಮಿಬ್ಬರಿಗೂ ಅದರಲ್ಲೊಂದು ಸಣ್ಣ ಜಂಬ.

ಅವರ ಬಿಲ್ಲೆಗಳು ತಿಂಗಳುಗಟ್ಟಲೆ ನಡೆದವು. ಪ್ರಯೋಗಾಲಯದ ಮುಖ್ಯಸ್ಥರು ಬೇರೆ ಊರಿನವರಿಗೆ ತೋರಿಸತೊಡಗಿದರು. ಕಾಕಾ ಬೆಳಿಗ್ಗೆ ಬಂದವರೇ ಚಪ್ಪಲಿ ಬಿಚ್ಚಿ, ಬಿಲ್ಲೆ ಕೂರಿಸಿ ಪರೀಕ್ಷೆಗೆ ಇಟ್ಟ ಸೆಲ್ಲುಗಳ ಮುಂದೆ ನಿಂತು ಎಲ್ಲ ಸರಿಯಿದೆಯಾ ನೋಡಿ, ಆಮೇಲೆ ಚಹಾ ಕುಡಿಯುತ್ತಿದ್ದರು. "ಇಷ್ಟು ದಿನ ಮಂದಿ ಬಕೆಟ್ಟಿಗಿ, ಬಾಚಣಿಗಿಗಿ ಅಚ್ಚು ಮಾಡಿದ್ನಿ. ಈಗ ಒಂದು ಕೆಲಸ ಮಾಡಾಕತ್ತೀನಿ ಅನಸಾಕತ್ತೈತಿ ತಂಗಿ" ಅಂದಿದ್ದರು ಒಮ್ಮೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಆ ಬಿಲ್ಲೆ ತನ್ನ ಕೈಯದ್ದು ಅನ್ನುವುದು.

ಆಮೇಲೆ ಸೆಲ್ಲುಗಳು ಒಂದೊಂದಾಗಿ ಕೆಡತೊಡಗಿದವು. ಕ್ಷಾರ ಮಬ್ಬಾಯಿತು. ಬಿಚ್ಚಿ ನೋಡಿದರೆ ರಂಧ್ರಗಳಲ್ಲಿ ಬಿಳಿ ಹರಳು. ಪರೀಕ್ಷೆಗೆ ಕಳಿಸಿದೆ, ಕಾರ್ಬೋನೇಟ್ ಅಂತ ಬಂತು. ಯೋಜನೆಗೆ ಹಣ ಕೊಟ್ಟವರು ಪರಿಶೀಲನೆಗೆ ಬರಲು ಹತ್ತು ದಿನವೂ ಉಳಿದಿರಲಿಲ್ಲ. ಕಾರ್ಬನ್ ಇಲ್ಲದ ಬಿಲ್ಲೆಯಲ್ಲಿ ಕಾರ್ಬನ್ ಎಲ್ಲಿಂದ ಬಂತು? ನಿದ್ದೆಗೆಟ್ಟು ಯೋಚಿಸಿದೆ. ಒಂದು ಬೆಳಿಗ್ಗೆ ಬಿಲ್ಲೆಯನ್ನು ತಿರುಗಿಸಿ ಹಿಡಿದಾಗ ಅಂಚಿನ ಅಂಕಿ ಕಂಡಿತು. ಪೆನ್ಸಿಲ್ ಅಂದರೆ ಗ್ರಾಫೈಟ್, ಗ್ರಾಫೈಟ್ ಅಂದರೆ ಅಪ್ಪಟ ಕಾರ್ಬನ್. ಇಷ್ಟು ದಿನ ಕಣ್ಣ ಮುಂದೆ ಇದ್ದದ್ದು! ನನಗೆ ಖುಷಿಯಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಖುಷಿಯಾದದ್ದು ನಿಜ.

ಕಾಕಾಗೆ ಮೊದಲು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನೇರ ಆ ಪರಿಶೀಲನೆಯ ಸಭೆಯಲ್ಲಿ, ಪರದೆಯ ಮೇಲೆ ಬಿಲ್ಲೆಯ ದೊಡ್ಡ ಚಿತ್ರ ಹಾಕಿ, ಆ ಅಂಕಿಯ ಸುತ್ತ ಕೆಂಪು ವೃತ್ತ ಎಳೆದು ತೋರಿಸಿದೆ. ಬಿಲ್ಲೆ ಒತ್ತುವ ಕ್ರಮ ಕೇಳಿಯಾರು ಅಂತ ಕಾಕಾರನ್ನೂ ಕರೆಸಿದ್ದರು. ಅವರು ಬಾಗಿಲ ಹತ್ತಿರ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ಬಂದವರಲ್ಲಿ ಒಬ್ಬರು ನಕ್ಕರು. ಕಾರ್ಬನ್ ಬೇಡ ಅಂತ ಇಷ್ಟೆಲ್ಲ ಮಾಡಿ ಪೆನ್ಸಿಲ್‌ನಲ್ಲಿ ಬರೆಯುತ್ತಾರಲ್ಲ ಅಂದರು. ಉಳಿದವರೂ ನಕ್ಕರು. ನಾನೂ ಸ್ವಲ್ಪ ನಕ್ಕೆ ಅನಿಸುತ್ತದೆ.

ಕಾಕಾ ನನ್ನ ಕುರ್ಚಿಯ ಪಕ್ಕಕ್ಕೆ ಬಂದು ಬಗ್ಗಿದರು. ಹೈದರಾಬಾದಿನಲ್ಲಿ ಅಷ್ಟು ವರ್ಷ ಇದ್ದವರು, ಹಿಂದಿಯಲ್ಲೇ ಎಲ್ಲರಿಗೂ ಕೇಳುವಂತೆ ಕೇಳಬಹುದಿತ್ತು. ನನ್ನೊಬ್ಬಳಿಗೇ ಕೇಳುವಂತೆ, ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

"ತಂಗಿ, ಮೊದಲಿಂದ ಬರಕೋತ ಬಂದೀನಲ್ಲ. ಮೊದಲು ಯಾಕ ಕೆಡಲಿಲ್ಲ?"

ಎಂಥ ಪ್ರಶ್ನೆ! ಅದನ್ನು ನಾನು ಮೊದಲ ದಿನವೇ ನನಗೆ ಕೇಳಿಕೊಳ್ಳಬೇಕಿತ್ತು. ನನ್ನ ವಾದ ನಿಲ್ಲುವುದಿಲ್ಲ ಅಂತ ನನಗೆ ಆ ಕ್ಷಣದಲ್ಲೇ ತಿಳಿಯಿತು. ಮುಖ್ಯಸ್ಥರು ಹಿಂದಿಯಲ್ಲಿ, ಏನನ್ನುತ್ತಿದ್ದಾರೆ ಅಂತ ಕೇಳಿದರು. ನಾನು ಹಿಂದಿಯಲ್ಲೇ ಹೇಳಿದೆ: "ಏನಿಲ್ಲ ಸರ್, ಇನ್ನು ಮುಂದೆ ಎಚ್ಚರಿಕೆಯಿಂದ ಇರುತ್ತೇನೆ ಅನ್ನುತ್ತಿದ್ದಾರೆ."

ಕಾಕಾಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ನನ್ನ ಮುಖ ನೋಡಿದರು. ಆಮೇಲೆ ಸಭೆಯ ಕಡೆ ತಿರುಗಿ, ಹೌದು ಅಂತ ತಲೆಯಾಡಿಸಿದರು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಒಪ್ಪಂದ ಮುಂದುವರಿಸಲಿಲ್ಲ ಅಷ್ಟೇ. ಆಫೀಸಿನ ಭಾಷೆಯಲ್ಲಿ ಇವೆರಡೂ ಬೇರೆ ಬೇರೆ. ಬಿಲ್ಲೆ ಒತ್ತಲು ಮೋಟಾರಿನ ಪ್ರೆಸ್ಸು ಬರುವುದಿತ್ತು. ಉಳಿದ ಮೂರು ವಾರ ಕಾಕಾ ಪೆನ್ಸಿಲ್ ಮುಟ್ಟಲಿಲ್ಲ. ಪ್ರೆಸ್ಸಿನ ಮುಂದೆ ಕೂರುವ ಮೊದಲು ಸೋಪು ಹಾಕಿ ಮೊಣಕೈವರೆಗೆ ತೊಳೆದು, ನನ್ನ ಮೇಜಿನ ಹತ್ತಿರ ಬಂದು ಎರಡೂ ಕೈ ತಿರುಗಿಸಿ ತೋರಿಸುತ್ತಿದ್ದರು. "ನೋಡ್ರಿ ಮೇಡಂ, ತೊಳಕೊಂಡೀನಿ." ಪ್ರತಿ ದಿನ. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ತಂಗಿ ಹೋಗಿ ಮೇಡಂ ಬಂದದ್ದು, ಏಕವಚನ ಹೋಗಿ ರೀ ಬಂದದ್ದು ನನಗೆ ಗೊತ್ತಾಗುತ್ತಿತ್ತು. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಸರಿ ಕಾಕಾ ಅನ್ನುತ್ತಿದ್ದೆ.

ಅವರು ಹೋದ ಮೇಲೂ ಸೆಲ್ಲುಗಳು ಕೆಟ್ಟವು. ಗುರುತಿಲ್ಲದ ಬಿಲ್ಲೆಗಳಲ್ಲೂ ಅದೇ ಬಿಳಿ ಹರಳು.

ನಮ್ಮ ಸೆಲ್ಲಿಗೆ ಹೋಗುವ ಗಾಳಿ ಒಂದು ಗಾಜಿನ ಕೊಳವೆಯ ಮೂಲಕ ಹಾಯುತ್ತದೆ. ಅದರೊಳಗೆ ಸೋಡಾ ಸುಣ್ಣದ ಹರಳುಗಳು. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ, ಇಲ್ಲದಿದ್ದರೆ ಅದು ಕ್ಷಾರಕ್ಕೆ ಸೇರಿ ಕಾರ್ಬೋನೇಟ್ ಆಗುತ್ತದೆ. ಶಕ್ತಿ ಮುಗಿದಾಗ ಈ ಸುಣ್ಣದ ಬಿಳಿ ಹರಳು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆದರೆ ಗಾಳಿ ನಿಲ್ಲಿಸಿ ಒಂದೆರಡು ದಿನ ಸುಮ್ಮನೆ ಬಿಟ್ಟರೆ ಬಣ್ಣ ಮತ್ತೆ ಬಿಳಿಯಾಗುತ್ತದೆ, ಶಕ್ತಿ ಮಾತ್ರ ಮರಳುವುದಿಲ್ಲ. ಈ ಕೆಲಸದಲ್ಲಿರುವ ಎಲ್ಲರಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಆ ಹರಳು ಬದಲಿಸುವುದು ನನ್ನ ಕೆಲಸವಾಗಿತ್ತು. ಶನಿವಾರ ಸಂಜೆ ಗಾಳಿ ನಿಲ್ಲಿಸುವಾಗ ನೇರಳೆ ಕಂಡರೆ ಸೋಮವಾರ ಬದಲಿಸೋಣ ಅಂದುಕೊಳ್ಳುವುದು, ಸೋಮವಾರ ಬಿಳಿ ಕಂಡಾಗ ಅವಸರದಲ್ಲಿ ಮರೆಯುವುದು. ಎಷ್ಟು ಸೋಮವಾರ ಹೀಗಾಯಿತೋ. ಕಪಾಟು ತೆಗೆದು ನೋಡಿದೆ. ತಿಂಗಳುಗಳ ಹಿಂದೆ ಒಡೆಯಬೇಕಾಗಿದ್ದ ಹೊಸ ಹರಳಿನ ಡಬ್ಬಿ ಸೀಲು ಸಮೇತ ಕೂತಿತ್ತು.

ಹರಳು ಬದಲಿಸಿದೆ. ಹೊಸ ಸೆಲ್ಲುಗಳ ಕ್ಷಾರ ತಿಳಿಯಾಗಿಯೇ ಉಳಿಯಿತು. ಆಮೇಲೆ ಕಾಕಾ ಮಾಡಿದ ಒಂದು ಹಳೆಯ ಸೆಲ್ ಬಿಚ್ಚಿದೆ. ಅವರು ಅಂಕಿ ಬರೆಯುತ್ತಿದ್ದ ಅಂಚು ರಬ್ಬರ್ ವಾಷರಿನ ಕೆಳಗೆ ಬರುವಂಥದ್ದು. ವಾಷರ್ ಎತ್ತಿದರೆ ಆ ಜಾಗ ಒಣಗಿತ್ತು. ಕ್ಷಾರ ಅದನ್ನು ಮುಟ್ಟಿಯೇ ಇರಲಿಲ್ಲ. ಕ್ಷಾರ ತಾಗದ ಜಾಗ ನೋಡಿಯೇ ಅವರು ಬರೆಯುತ್ತಿದ್ದರು. ನಾನು ಶೌಚಾಲಯಕ್ಕೆ ಹೋಗಿ, ನಲ್ಲಿ ಬಿಟ್ಟು ಅತ್ತೆ.

ಅತ್ತದ್ದು ಅವತ್ತು, ಅವರ ಮನೆಗೆ ಹೋದದ್ದು ಎರಡು ತಿಂಗಳ ಮೇಲೆ. ನಾಚಾರಂ ಪಕ್ಕದ ಮಲ್ಲಾಪುರದಲ್ಲಿ ಎರಡನೇ ಮಹಡಿಯ ಎರಡು ಕೋಣೆ. ಭಾನುವಾರ ಬೆಳಿಗ್ಗೆ. ಅವರ ಹೆಂಡತಿ ಒಗ್ಗರಣೆ ಹಾಕಿದ ಮಂಡಕ್ಕಿ, ಅವರ ಮಾತಿನಲ್ಲಿ ಮಂಡಾಳ ಒಗ್ಗರಣಿ, ಜೊತೆಗೆ ಮಿರ್ಚಿ ತಂದಿಟ್ಟರು. ಕಾಕಾ ಸೊರಗಿಹೋಗಿದ್ದರು. ನಾನು ಎಲ್ಲ ಹೇಳಿದೆ. ತಪ್ಪು ನನ್ನದು, ಹರಳು ಬದಲಿಸದೆ ಬಿಟ್ಟವಳು ನಾನು, ನಿಮ್ಮ ಪೆನ್ಸಿಲ್‌ನಿಂದ ಏನೂ ಆಗಿರಲಿಲ್ಲ ಅಂದೆ. ಅವರು ಮಿರ್ಚಿಯ ತಟ್ಟೆಯನ್ನು ನನ್ನ ಕಡೆ ಸರಿಸಿ, "ಈಗ ಬಿಲ್ಲಿ ಯಾರು ಒತ್ತಾಕತ್ತಾರ?" ಅಂತ ಕೇಳಿದರು.

ಮೋಟಾರಿನ ಪ್ರೆಸ್ಸು ಅಂದೆ. ಬಿರಿಯುತ್ತವೆ, ನೀವು ವಾಪಸ್ ಬನ್ನಿ ಕಾಕಾ ಅಂದೆ.

"ಬ್ಯಾಡ್ರಿ ಮೇಡಂ. ಕೈ ಮ್ಯಾಲಿನ ನಂಬಿಕಿ ಹೋಗೇತಿ. ಗ್ಯಾಸ್ ಬಂದ್ ಮಾಡಿದ್ರೂ ಮೂರು ಸಲ ನೋಡ್ತೀನಿ. ಇಕಿ ಬೈತಾಳ" ಅಂದು ಹೆಂಡತಿಯ ಕಡೆ ನೋಡಿ ನಕ್ಕರು. ಆಕೆ ನಗಲಿಲ್ಲ.

"ಹಾಗಾದ್ರೆ ಸಭೆಯಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಅವತ್ತು ನೀವು ಕೇಳಿದ ಪ್ರಶ್ನೆ ಏನು ಅಂತಾನೂ ಹೇಳ್ತೀನಿ. ಹೇಳಲಾ ಕಾಕಾ?"

ಅವರು ಗಾಬರಿಯಾದರು. "ಬ್ಯಾಡ ಬ್ಯಾಡ. ನಿಮ್ಮ ಮ್ಯಾಲ ಮಾತ ಬರ್ತಾವ. ನಂದೇನು, ಆಗಿ ಹೋತು. ನೀವಿನ್ನೂ ನೌಕರಿ ಮಾಡಬೇಕು." ಬಾಗಿಲವರೆಗೆ ಬಂದು, ಮೆಟ್ಟಿಲು ಕತ್ತಲಿದೆ, ನೋಡಿಕೊಂಡು ಇಳಿಯಿರಿ ಅಂದರು.

ಹೋದ ವರ್ಷ ಅವರು ತೀರಿಕೊಂಡರು. ಬ್ಯಾಟರಿಯ ಬಗ್ಗೆ ನಮ್ಮ ಸಂಶೋಧನಾ ಲೇಖನ ಅದಕ್ಕೂ ಮೊದಲೇ ಅಚ್ಚಾಗಿತ್ತು. ಹೊರಗಿನ ಗಾಳಿಯಿಂದಾಗಿ ಮೊದಲಿನ ಕೆಲವು ಫಲಿತಾಂಶಗಳನ್ನು ಕೈಬಿಡಲಾಗಿದೆ ಅಂತ ಅದರಲ್ಲೊಂದು ಸಾಲಿದೆ. ಯಾರ ಕೈ, ಯಾರ ತಪ್ಪು ಅಂತ ಇಲ್ಲ. ಆ ಸಾಲು ಬರೆದವಳು ನಾನೇ. ಆ ಸಭೆಯ ಕೋಣೆಯಲ್ಲಿ ನಾನು ಇವತ್ತಿನವರೆಗೆ ಈ ಬಗ್ಗೆ ಬಾಯಿ ಬಿಟ್ಟಿಲ್ಲ. ಕಾಕಾ ಬೇಡ ಅಂದಿದ್ದರು, ಅವರ ಮಾತು ಮೀರಬಾರದು ಅಂತ ಸುಮ್ಮನಿದ್ದೇನೆ ಅಂದುಕೊಂಡಿದ್ದೆ. ಹಾಗಲ್ಲ. ಹೇಳಲೇಬೇಕು ಅನ್ನುವವಳು ಅವರನ್ನು ಕೇಳುತ್ತಿರಲಿಲ್ಲ. ಅವರು ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದೇ ಕೇಳಿದೆ.