ಆ ಮಧ್ಯಾಹ್ನ ಕರೆಂಟು ಹೋಗಿರಲಿಲ್ಲ

ಅಣ್ಣ ಮುಂಬೈ ಬಿಟ್ಟು ಹುಮನಾಬಾದಿಗೆ ಬಂದಾಗ ಅವನ ಜೊತೆ ಇದ್ದದ್ದು ಒಂದು ಹಾಸಿಗೆ ಸುರುಳಿ, ಒಂದು ಗಾಜಿನ ತೊಟ್ಟಿ, ಗಾಳಿ ತುಂಬಿ ಕಟ್ಟಿದ ಚೀಲದಲ್ಲಿ ಎರಡು ಸಮುದ್ರದ ಮೀನು. ಅಲ್ಲಿ ಒಬ್ಬ ಸೇಠನ ಮನೆಯಲ್ಲಿ ಮೀನುಗಳನ್ನು ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಸೇಠ ಮನೆ ಮಾರಿದಾಗ ಇವೆರಡನ್ನು ಕೊಟ್ಟು ಕಳಿಸಿದ್ದ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತಿದು.

ಅಣ್ಣನಿಗೆ ಮದುವೆಯಾಗಿರಲಿಲ್ಲ. ತಗಡಿನ ಮಾಡಿನ ಒಂದು ಕೋಣೆ ಬಾಡಿಗೆಗೆ ಹಿಡಿದು, ಮೋಟಾರು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ನಾನು ಮದುವೆಯಾಗಿ ಬಸವಕಲ್ಯಾಣದಲ್ಲಿದ್ದೆ, ರವಿಕೆ ಹೊಲಿಯುತ್ತಿದ್ದೆ. ತಿಂಗಳಿಗೊಮ್ಮೆ ಅವನಲ್ಲಿಗೆ ಹೋದರೆ ನನ್ನ ಜೊತೆ ನಾಲ್ಕು ಮಾತು ಆಡುತ್ತಿದ್ದ. ಉಳಿದ ಮಾತೆಲ್ಲ ಆ ಮೀನುಗಳ ಜೊತೆ. ಬೆರಳುದ್ದದ ಕೇಸರಿ ಮೀನುಗಳು, ಮೈಮೇಲೆ ಬಿಳಿ ಪಟ್ಟೆ. ಅವನು ಗಾಜಿನ ಹತ್ತಿರ ಮುಖ ತಂದರೆ ಎರಡೂ ಓಡಿ ಬರುತ್ತಿದ್ದವು. ಆ ಊರಿನಲ್ಲಿ ಅವನನ್ನು ನೋಡಿ ಹಾಗೆ ಓಡಿ ಬರುವವರು ಬೇರೆ ಯಾರೂ ಇರಲಿಲ್ಲ.

ನಮ್ಮದು ಮೀನು ಮಾಂಸ ಮುಟ್ಟದ ಮನೆತನ. ಪಕ್ಕದ ಮನೆಯಾಕೆ ಕಂಡಾಗಲೆಲ್ಲ ಚಾಷ್ಟಿ ಮಾಡುತ್ತಿದ್ದಳು. "ಕೊರಳಾಗ ಲಿಂಗ, ಮನ್ಯಾಗ ಮೀನ! ಯಾವತ್ತ ಹುರೀತೀರಿ ಹೇಳ್ರಿ, ನಾ ಖಾರ ಅರದ ಕೊಡ್ತೀನಿ."

ಬೇಸಿಗೆಯಲ್ಲಿ ಆ ನೀರು ಕಾಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಅಣ್ಣ ತೊಟ್ಟಿಯ ಮುಚ್ಚಳ ತೆಗೆದು, ಗಾಳಿ ನೀರಿನ ಮೇಲೆ ಹಾಯುವ ಹಾಗೆ ಟೇಬಲ್ ಫ್ಯಾನು ಓರೆಯಾಗಿ ಇಡುತ್ತಿದ್ದ. ಒಳಗೆ ತಾಪ ನೋಡುವ ಗಾಜಿನ ಕಡ್ಡಿ. ಇಪ್ಪತ್ತೆಂಟು ದಾಟಿದರೆ ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಗಡ್ಡೆಕಟ್ಟಿಸಿದ ನೀರಿನ ಬಾಟಲಿ ತಂದು ತೇಲಿಬಿಡಬೇಕು, ಒಮ್ಮೆಗೆ ಒಂದೇ; ನೀರು ಥಟ್ಟನೆ ತಣ್ಣಗಾದರೂ ಅವು ತಡೆಯುವುದಿಲ್ಲ.

ಒಂದು ಏಪ್ರಿಲ್‌ನಲ್ಲಿ ಮುಡಬಿಯಲ್ಲಿ ನಮ್ಮ ಚಿಕ್ಕವ್ವ ತೀರಿಕೊಂಡಳು. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ತಲೆ ಬಾಚಿದವಳು. ಇಬ್ಬರೂ ಹೋಗಬೇಕಾಗಿತ್ತು. ಅಣ್ಣ ನನ್ನನ್ನು ಹುಮನಾಬಾದಿಗೆ ಕರೆಸಿಕೊಂಡ.

"ನಾ ಮಣ್ಣ ಕೊಟ್ಟ ಸಂಜಿಕ ಬರ್ತೀನಿ. ನೀ ಇಲ್ಲೇ ಇರ್ತೀಯೇನು ತಂಗಿ? ಇವು ಒಂದ ಮಧ್ಯಾಹ್ನ ತಡಿಯಂಗಿಲ್ಲ."

"ನಂಗೂ ಆಕೀ ಮಾರಿ ನೋಡಬೇಕ ಅಣ್ಣಾ."

ಅವನು ನೆಲ ನೋಡಿದ. ಆಮೇಲೆ ನಾನೇ "ಆಗಲಿ, ಹೋಗು" ಅಂದೆ. ನೀರು ಇಳಿದರೆ ಬರೀ ಸಿಹಿನೀರು ಹಾಕು, ಗಾಳಿಗೆ ನೀರಷ್ಟೇ ಹಾರ್ತದ, ಉಪ್ಪು ಹಾರಂಗಿಲ್ಲ ಎಂದು ಎರಡೆರಡು ಸಲ ಹೇಳಿ ಹೋದ.

ಹೊತ್ತೇರಿದ ಮೇಲೆ ಬಾಟಲಿ ತರಲು ಹೋದಾಗ ಪಕ್ಕದ ಮನೆಯಾಕೆ, "ಸತ್ತವರ ಮನಿ ಬಿಟ್ಟು ಮೀನಿಗಿ ಗಾಳಿ ಹಾಕಾಕ ಕುಂತೀಯೇನವ್ವ?" ಅಂದಳು. ಅವಳು ನಕ್ಕಳು, ನನಗೆ ಮಾತ್ರ ಎದೆಗೆ ಚುಚ್ಚಿತು. ತಿರುಗಿ ಬಂದು ಬಾಟಲಿ ತೇಲಿಬಿಟ್ಟು ತೊಟ್ಟಿಯ ಮುಂದೆ ಕುಳಿತೆ. ಮುಡಬಿಯಲ್ಲಿ ಈಗ ಚಿಕ್ಕವ್ವನನ್ನು ಎತ್ತುತ್ತಿರಬೇಕು ಅನಿಸಿತು. ತಗಡು ಕಾದು ತಲೆ ಸಿಡಿಯುತ್ತಿತ್ತು. ಸೀರೆ ಬೆನ್ನಿಗೆ ಅಂಟಿತ್ತು. ಎರಡು ಮೀನಿಗೆ ಇರುವ ಗಾಳಿ ನನಗಿಲ್ಲ ಎಂಬ ಸಿಟ್ಟು ಬಂತು. ಎದ್ದು ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತು ಎಂದು ಚಾಪೆಯ ಮೇಲೆ ಅಡ್ಡಾದೆ. ನಿದ್ದೆ ಹತ್ತಿತು.

ಎದ್ದಾಗ ಕಡ್ಡಿ ಮೂವತ್ನಾಲ್ಕು ತೋರಿಸುತ್ತಿತ್ತು. ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು, ಇನ್ನೊಂದು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಓಡಿಹೋಗಿ ಮೂರು ಬಾಟಲಿ ತಂದು ಮೂರನ್ನೂ ಒಮ್ಮೆಲೇ ಹಾಕಿದೆ. ಅದು ಕೂಡ ಸತ್ತಿತು.

ಅಣ್ಣ ಸಂಜೆ ಬಂದ. ನಾನು ಬಾಗಿಲಲ್ಲೇ ನಿಂತು, "ಮಧ್ಯಾಹ್ನ ಪೂರ್ತಿ ಕರೆಂಟ ಇರಲಿಲ್ಲ ಅಣ್ಣಾ" ಅಂದೆ. ಮಾತು ತಾನಾಗಿಯೇ ಬಂದುಬಿಟ್ಟಿತು. ಅವನು ತೊಟ್ಟಿಯಲ್ಲಿ ಕೈ ಇಳಿಸಿ ಎರಡನ್ನೂ ಅಂಗೈಯಲ್ಲಿ ತೆಗೆದುಕೊಂಡು ನಿಂತ.

ಅಷ್ಟರಲ್ಲಿ ಬಾಟಲಿ ವಾಪಸು ಕೇಳಲು ಪಕ್ಕದ ಮನೆಯಾಕೆ ಬಂದಳು. ನನ್ನ ಮಾತು ಅವಳ ಕಿವಿಗೆ ಬಿದ್ದಿತ್ತು. "ಎಲ್ಲಿ ಹೋಗಿತ್ತವ್ವ ಕರೆಂಟ? ನಮ್ಮಲ್ಲಿ ಟೀವಿ ನಡದೇ ಇತ್ತಲ್ಲ."

ಎರಡೂ ಮನೆಗೆ ಒಂದೇ ಕಂಬದಿಂದ ತಂತಿ ಎಳೆದಿದ್ದರು. ಮೋಟಾರು ಕೆಲಸದ ಅಣ್ಣನಿಗೆ ಅದು ಗೊತ್ತಿರಲಿಲ್ಲವೇ? ಆದರೂ ಅವನು ತಿರುಗಿ, "ನಮ್ಮ ಕಡೀ ಅಷ್ಟೇ ಹೋಗಿರಬೇಕ ತಗೋರಿ ಅಕ್ಕೋರ" ಅಂದ. ನನ್ನ ಮುಖ ನೋಡಲಿಲ್ಲ.

ಅವನು ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಹಬ್ಬಕ್ಕೆ ಕರೆದರೆ ಬರುತ್ತಿದ್ದ, ಉಂಡು ಹೋಗುತ್ತಿದ್ದ. ಆದರೆ ಅಂದಿನಿಂದ ನನ್ನ ಬಳಿ ಒಂದು ಕೆಲಸವನ್ನೂ ಹೇಳಲಿಲ್ಲ. ಅಂಗಿಯ ಗುಂಡಿ ಹಚ್ಚಲು ಕೂಡ ಕೊಡಲಿಲ್ಲ.

ಕೆಲವು ವರ್ಷಗಳ ಮೇಲೆ, ಅವನು ಟೈಫಾಯಿಡ್ ಆಗಿ ಹದಿನೈದು ದಿನ ಮಲಗಿದ್ದಾನೆಂದು ಬೇರೆಯವರ ಬಾಯಿಂದ ಕೇಳಿ ಓಡಿಹೋದೆ. ಪಕ್ಕದ ಮನೆಯಾಕೆಯೇ ಗಂಜಿ ಕಾಸಿ ಕೊಡುತ್ತಿದ್ದಳು.

"ನಂಗ ಯಾಕ ಹೇಳಿ ಕಳಿಸಲಿಲ್ಲ?" ಎಂದು ಕೇಳಿದೆ.

"ನಿಂಗ ಯಾಕ ಸುಮ್ಮ ತ್ರಾಸ."

ಅವನ ಕಾಲ ಬಳಿ ಕುಳಿತು ಹೇಳಿಬಿಟ್ಟೆ. "ಅಣ್ಣಾ, ಅವತ್ತ ಕರೆಂಟ ಹೋಗಿರಲಿಲ್ಲ."

"ಗೊತ್ತದ" ಅಂದ. ನಾನು ಈ ರಾತ್ರಿ ಇಲ್ಲೇ ಇರುತ್ತೇನೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅಂದ, "ಕಲ್ಯಾಣದ ಬಸ್ಸಿಗಿ ಹೊತ್ತಾತ ನೋಡು ತಂಗಿ. ಅಕ್ಕೋರ ಬರ್ತಾರ ಈಗ, ನೀ ಹೋಗು."