ಎರಡು ಹಾಳೆಯ ಸದ್ದು

ಗ್ರಾತ್ಸ್ ಪಟ್ಟಣದಲ್ಲಿ ನೋಟ್‌ಬುರ್ಗಾ ಕೋಗ್ಲರಳಷ್ಟು ಮೂಗು ತೂರಿಸುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಗುಂಡಿ, ದಾರ, ಲೇಸು ಮಾರುವ ಅಂಗಡಿಯಲ್ಲಿ ಅವಳ ಕೆಲಸ. ಸಾವಿನ ಮನೆಯ ಉಡುಪಿಗೆ ಆರು ಕಪ್ಪು ಗುಂಡಿ ಕೊಡಿ ಎಂದು ಯಾರಾದರೂ ಬಂದರೆ, ಗುಂಡಿ ಪೊಟ್ಟಣಕ್ಕೆ ಬೀಳುವುದರೊಳಗೆ ಸತ್ತವರು ಯಾರು, ಏನಾಗಿತ್ತು, ಮನೆ ಯಾರ ಪಾಲಿಗೆ ಹೋಯಿತು ಎಂದೆಲ್ಲ ಕೇಳಿ ಮುಗಿಸಿರುತ್ತಿದ್ದಳು. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನವೂ ಅಲ್ಲ. ಸಂಜೆಯೊಳಗೆ ಬ್ರೆಡ್ಡಿನ ಅಂಗಡಿಯವಳಿಗೆ ಸುದ್ದಿ ಮುಟ್ಟಿರುತ್ತಿತ್ತು. ಇಂಥವಳಿಗೆ ದೇವರು ಕೊಟ್ಟ ಎರಡನೆಯ ಕೆಲಸ ನೋಡಿ: ತುಂಬಿದ ಸಭೆಯೆದುರು ವೇದಿಕೆಯ ಮೇಲೆ ತುಟಿ ಪಿಟಕ್ಕೆನ್ನದೆ ಕೂರುವುದು!

ಕೈಗವಸು ಹೊಲಿಯುವವರ ಸಂಘದ ಹಳೆಯ ಸಭಾಂಗಣದಲ್ಲಿ ಚಳಿಗಾಲದ ಭಾನುವಾರಗಳಂದು ಬೆಳಿಗ್ಗೆ ಹನ್ನೊಂದಕ್ಕೆ ಹಾಡಿನ ಕಛೇರಿ. ಹಾಡುವವರು ಒಬ್ಬರು, ಪಿಯಾನೋ ನುಡಿಸುವವರು ಒಬ್ಬರು, ಅಷ್ಟೇ. ಮೂರನೆಯವಳೊಬ್ಬಳು ಇರುತ್ತಾಳಲ್ಲ, ಪಿಯಾನೋದ ಎಡಕ್ಕೆ ಕಪ್ಪು ಉಡುಪಿನಲ್ಲಿ, ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳೇ ನಮ್ಮ ನೋಟ್‌ಬುರ್ಗಾ, ಎಲ್ಲರ ಬಾಯಲ್ಲಿ ಬುರ್ಗಿ. ನುಡಿಸುವವರು ತಲೆಯಾಡಿಸಿದ ಕೂಡಲೇ ಎದ್ದು, ಎಡಗೈ ಚಾಚಿ, ಪುಸ್ತಕದ ಮೇಲಂಚು ಹಿಡಿದು ಪುಟ ತಿರುವಿ ಕೂರಬೇಕು. ಬಳೆ ಹಾಕುವಂತಿಲ್ಲ, ಅತ್ತರು ಪೂಸುವಂತಿಲ್ಲ, ಹಾಡಿಗೆ ಕಣ್ಣೀರು ಹಾಕುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚಪ್ಪಾಳೆ ತಟ್ಟುವಂತಿಲ್ಲ. ಸಭೆ ಎದ್ದು ನಿಂತು ತಟ್ಟುತ್ತಿದ್ದರೂ ಅವಳ ಕೈ ಮಡಿಲಲ್ಲೇ ಇರಬೇಕು.

ಅವಳು ಈ ಕುರ್ಚಿಗೆ ಬಂದದ್ದೂ ಗುಂಡಿಯ ದೆಸೆಯಿಂದಲೇ. ನಲವತ್ತೇಳನೆಯ ಇಸವಿಯಲ್ಲಿ ಗಾಯಕಿಯೊಬ್ಬಳ ಉಡುಪಿನ ಗುಂಡಿ ಕಿತ್ತುಬಂದು, ಹೊಲಿದುಕೊಡಲು ಬುರ್ಗಿಯನ್ನು ಕರೆಸಿದ್ದರು. ಪುಟ ತಿರುವುವವನು ಅಂದು ಜ್ವರ ಬಂದು ಮಲಗಿದ್ದ. "ನಿನಗೆ ಸ್ವರಲಿಪಿ ಓದೋಕೆ ಬರುತ್ತೇನಮ್ಮಾ?" ಎಂದು ಕೇಳಿದವರು ಪಿಯಾನೋದ ಹಾಫ್ನರ್. ಚರ್ಚಿನ ಗಂಟೆ ಹೊಡೆಯುತ್ತ ಅಲ್ಲಿನ ಮೇಳದಲ್ಲಿ ಹಾಡುತ್ತಿದ್ದವನ ಮಗಳಿಗೆ ಅಷ್ಟೂ ಬಾರದೆ? ಬರುತ್ತದೆ ಎಂದಳು. ಬಾಯಲ್ಲಿದ್ದ ಸೂಜಿ ತೆಗೆದು ಹೋಗಿ ಕೂತವಳು ಮೂವತ್ತೊಂದು ವರ್ಷ ಏಳಲಿಲ್ಲ.

ಎಪ್ಪತ್ತೆಂಟರ ಫೆಬ್ರುವರಿಯ ಒಂದು ಶನಿವಾರ ಸಭಾಂಗಣದ ಮೇಲ್ವಿಚಾರಕಿ ಡಾಕ್ಟರ್ ಲೈಟ್ನರ್ ಅಂಗಡಿಗೆ ಬಂದರು. ಒಂದು ಜಿಪ್ಪು ಕೇಳಿದರು. ಬಂದದ್ದು ಜಿಪ್ಪಿಗಲ್ಲ ಎಂದು ಬುರ್ಗಿಗೆ ಅವರ ಕೆಮ್ಮಿನಿಂದಲೇ ತಿಳಿಯಿತು.

"ಫ್ರಾವ್ ಕೋಗ್ಲರ್, ಪ್ರೊಫೆಸರ್ ಹಾಫ್ನರ್ ಮೊನ್ನೆ ಏನು ಮಾಡಿದ್ರು ಗೊತ್ತಾ? ಕೋಟು ತೂಗುಹಾಕೋ ಕಂಬಕ್ಕೆ ನಮಸ್ಕಾರ ಹೇಳಿದ್ರು."

"ಅವರದು ಮೊದಲಿಂದ್ಲೂ ಮರ್ಯಾದಸ್ಥ ಜೀವ ಅಲ್ವಾ, ಡಾಕ್ಟರೇ."

"ತಮಾಷೆ ಬೇಡ. ಕಣ್ಣು ಕಾಣುತ್ತೋ ಇಲ್ವೋ ನನಗೆ ಗೊತ್ತಾಗ್ಬೇಕು. ಬರೋ ಚಳಿಗಾಲದ ಪಟ್ಟಿ ಸೋಮವಾರ ಅಚ್ಚಿಗೆ ಹೋಗುತ್ತೆ. ಸಭೆಯಲ್ಲಿ ಮಧ್ಯದಲ್ಲಿ ನಿಂತುಹೋದ್ರೆ ಅವರ ಮಾನವೂ ಹೋಗುತ್ತೆ, ನಮ್ಮದೂ ಹೋಗುತ್ತೆ. ನಾಳೆ ಪಕ್ಕದಲ್ಲೇ ಕೂರ್ತೀರಲ್ಲ, ನೋಡಿ ಹೇಳಿ. ಕಾಣಲ್ಲ ಅಂದ್ರೆ ಬೇರೆಯವರನ್ನ ಹಾಕ್ತೀನಿ."

ಬುರ್ಗಿಗೆ ಆ ರಾತ್ರಿ ಕುಂಬಳಬೀಜದ ಎಣ್ಣೆ ಹಾಕಿದ ಆಲೂಗಡ್ಡೆಯೂ ರುಚಿಸಲಿಲ್ಲ. ಮೂಗು ತೂರಿಸು ಎಂದು ಜನ್ಮದಲ್ಲಿ ಮೊದಲ ಬಾರಿಗೆ ಯಾರೋ ಅವಳನ್ನು ಕೇಳಿಕೊಂಡಿದ್ದರು. ಅದೂ ಯಾರ ವಿಷಯಕ್ಕೆ! ಹಾಫ್ನರರಿಗೆ ಎಪ್ಪತ್ತು ದಾಟಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ, ಮನೆಯಲ್ಲಿ ಒಬ್ಬ ಅಕ್ಕ. ಪಿಯಾನೋ ಬಿಟ್ಟರೆ ಆ ಮನುಷ್ಯನಿಗೆ ಬದುಕೇ ಇರಲಿಲ್ಲ. ಅಯ್ಯೋ ಪಾಪ ಅನ್ನಿಸಿತು. ಆದರೆ ನಿಜವಾಗಿ ಕಾಣುತ್ತದೋ ಇಲ್ಲವೋ ಎಂಬ ಕುತೂಹಲ ಆ ಪಾಪಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು. ಸುಳ್ಳೇಕೆ ಹೇಳಬೇಕು?

ಭಾನುವಾರ ಬೆಳಿಗ್ಗೆ ಗಾಯಕಿ ಇರ್ಮೆಲಾ ಮೂಗು ಕಟ್ಟಿಕೊಂಡೇ ಬಂದಳು. ಶಾಲು ಸುತ್ತಿಕೊಂಡು, "ಪ್ರೊಫೆಸರ್, ಬೇಜಾರ್ ಮಾಡ್ಕೋಬೇಡಿ, ಇವತ್ತು ಎಲ್ಲಾ ಒಂದು ಸ್ವರ ಕೆಳಗೆ ಹಾಡ್ತೀನಿ," ಎಂದಳು.

"ಆಗ್ಲಿ ಮಗಳೇ," ಎಂದರು ಹಾಫ್ನರ್. ಗಾಯಕರ ಶೀತ ನೆಗಡಿಗೆ ತಕ್ಕಂತೆ ನಲವತ್ತು ವರ್ಷ ಶ್ರುತಿ ಏರಿಸಿ ಇಳಿಸಿದ ಕೈ ಅದು.

ಒಂದೇ ಹಾಡಿಗೆ ಏರು ದನಿಯವರಿಗೊಂದು ಪುಸ್ತಕ, ತಗ್ಗು ದನಿಯವರಿಗೊಂದು ಪುಸ್ತಕ. ಎರಡಕ್ಕೂ ಅದೇ ಹಸಿರು ರಟ್ಟು. ಬುರ್ಗಿ ಕಪಾಟಿನಿಂದ ತಗ್ಗಿನ ಪುಸ್ತಕ ತಂದಿಟ್ಟಳು. ಅದನ್ನು ತೆರೆದು ಎಷ್ಟೋ ವರ್ಷವಾಗಿತ್ತು, ಧೂಳು ಹಾರಿ ಸೀನು ಬಂತು. ಸೀನನ್ನು ನುಂಗಿಕೊಂಡಳು.

ಮೊದಲ ಹಾಡು ದೋಣಿಯವನದು. ಇರ್ಮೆಲಾ ಕಣ್ಣು ಮುಚ್ಚಿ ಹಾಡಿದಳು. ಹಾಫ್ನರ್ ತಲೆಯಾಡಿಸಿದರು. ಬುರ್ಗಿ ಎದ್ದಳು, ಪುಟದ ಮೇಲೆ ಕಣ್ಣಾಡಿಸಿದಳು, ಗಕ್ಕನೆ ನಿಂತಳು. ಪುಟ ಮುಗಿಯಲು ಇನ್ನೂ ಎರಡು ಸಾಲು ಬಾಕಿ! ಆದರೂ ಕಾಯಿದೆ ಕಾಯಿದೆಯೇ, ತಲೆಯಾಡಿಸಿದರೆ ತಿರುವಬೇಕು. ತಿರುವಿದಳು. ಮುಂದೋಡುವ ಕಣ್ಣು, ಸಾಲು ಮೊದಲೇ ಓದಿರಬೇಕು ಎಂದು ಸಮಾಧಾನ ಮಾಡಿಕೊಂಡಳು.

ಎರಡನೆಯ ಹಾಡಿನಲ್ಲಿ ಅರ್ಧ ಪುಟಕ್ಕೇ ತಲೆಯಾಡಿಸಿದರು. ಈಗ ಬುರ್ಗಿಯ ತಲೆ ಓಡತೊಡಗಿತು. "ಬಾಗಿಲು ಬಡಿದವರು ಯಾರು" ಎಂಬ ಸಾಲು ಮುಗಿಯುವಲ್ಲಿ ಅವಳು ನೂರಾರು ಸಲ ಪುಟ ತಿರುವಿದ್ದಳು. ಆದರೆ ಅದು ಏರು ದನಿಯ ಪುಸ್ತಕದಲ್ಲಿ! ಅಲ್ಲಿ ಪುಟ ಮುಗಿಯುವುದು ಆ ಸಾಲಿಗೆ. ಕೈಯೇನೋ ಇಳಿಸಿದ ಶ್ರುತಿಯಲ್ಲಿ ಒಂದೂ ತಪ್ಪದೆ ನುಡಿಸುತ್ತಿದೆ, ತಲೆ ಮಾತ್ರ ಹಳೆಯ ಪುಸ್ತಕದ ಪುಟಗಳಿಗೆ ಆಡುತ್ತಿದೆ. ಎದುರಿಗಿರುವ ಪುಸ್ತಕ ಈ ಮನುಷ್ಯನಿಗೆ ಕಾಣುತ್ತಲೇ ಇಲ್ಲ!

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಖಾತರಿ ಆಗಬೇಕಲ್ಲ? ಮೂರನೆಯ ಹಾಡಿನಲ್ಲಿ ಅವರು ತಲೆಯಾಡಿಸಿದಾಗ ಆ ಮಹಾತಾಯಿ ಪುಟ ತಿರುವುವವರು ಕನಸಿನಲ್ಲೂ ಮಾಡಬಾರದ ಪಾಪ ಮಾಡಿದಳು. ಬೇಕೆಂದೇ ಎರಡು ಹಾಳೆ ಒಟ್ಟಿಗೆ ತಿರುವಿದಳು. ಹಾಫ್ನರರ ಎದುರಿಗೆ ಈಗ ಬೇರೆಯದೇ ಹಾಡು. ಅವರು ಹುಬ್ಬೂ ಅಲ್ಲಾಡಿಸಲಿಲ್ಲ. ಸ್ವರಗಳು ಒಂದರ ಹಿಂದೆ ಒಂದು ನೆಟ್ಟಗೆ ಬಂದವು.

ಕುರ್ಚಿಗೆ ಬಂದು ಕೂತ ಬುರ್ಗಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕುರುಡನ ಎದುರು ಕೈ ಆಡಿಸಿ ನೋಡಿದ ಪೋಕರಿಗೂ ತನಗೂ ಏನು ವ್ಯತ್ಯಾಸ? ಮುಂದಿನ ಎಂಟು ಹಾಡಿಗೂ ಅವಳು ಅವರು ತಲೆಯಾಡಿಸಿದ ಕಡೆಯಲ್ಲೆಲ್ಲ ಶಿಸ್ತಾಗಿ ಎದ್ದಳು, ತಿರುವಿದಳು, ಕೂತಳು.

ಕಛೇರಿ ಮುಗಿದು ಚಪ್ಪಾಳೆ ನಿಲ್ಲಲಿಲ್ಲ. ಇನ್ನೊಂದು ಹಾಡಲೇಬೇಕು. ಇರ್ಮೆಲಾ ಬಾಗಿ ಹಾಫ್ನರರ ಕಿವಿಯಲ್ಲಿ ತಾವು ಎಂದೂ ಹಾಡದ ಹಾಡೊಂದರ ಹೆಸರು ಹೇಳಿ, "ಪುಸ್ತಕದ ಕೊನೇಲಿದೆ ನೋಡಿ," ಎಂದಳು. ಹಾಫ್ನರರ ಮುಖ ಬಿಳಿಚಿತು. ಕೈ ಮೊಣಕಾಲಿನ ಮೇಲೆ ಕೂತುಬಿಟ್ಟಿತು. ಆ ಹಾಡು ಅವರಿಗೆ ಬಾಯಿಪಾಠವಿಲ್ಲ ಎಂದು ಬುರ್ಗಿಗೆ ಗೊತ್ತಾಯಿತು. ಸಭೆ ಕಾಯುತ್ತಿತ್ತು. ಮೊದಲ ಸಾಲಿನಲ್ಲಿ ಲೈಟ್ನರ್ ಕತ್ತು ಚಾಚಿದರು.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬುರ್ಗಿ ವೇದಿಕೆಯ ಮೇಲೆ ಬಾಯಿ ಬಿಟ್ಟಳು. "ಆ ಹಾಳೆ ಹರಿದುಹೋಗಿದೆ ಕಣಮ್ಮಾ. ದೋಣಿಯವನ್ದನ್ನೇ ಇನ್ನೊಂದ್ಸಲ ಹಾಡು."

ಇರ್ಮೆಲಾ ಬೆರಗಾಗಿ ನೋಡಿದಳು. ಕುರ್ಚಿ ಮಾತಾಡಿದಷ್ಟೇ ಆಶ್ಚರ್ಯ ಅವಳಿಗೆ. ಆದರೂ ಹಾಡಿದಳು.

ಒಳಕೋಣೆಯಲ್ಲಿ ಹಾಫ್ನರ್ ಗೋಡೆ ತಡವುತ್ತ ಬಂದು ಕೂತರು.

"ಬುರ್ಗಿ, ಮೂರನೇ ಹಾಡಲ್ಲಿ ಎರಡು ಹಾಳೆ ತಿರುವಿದೆ."

ಬುರ್ಗಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ನಿಮಗೆ ಹೇಗೆ..."

"ಎರಡು ಹಾಳೆ ಸದ್ದೇ ಬೇರೆ. ಮೂವತ್ತೊಂದು ವರ್ಷ ಕೇಳಿದೀನಿ. ನೀನು ಒಂದ್ಸಲಾನೂ ಎರಡು ತಿರುವಿದೋಳಲ್ಲ. ಪರೀಕ್ಷೆ ಮಾಡಿದೆ, ಅಲ್ವಾ?"

"ತಪ್ಪಾಯ್ತು ಪ್ರೊಫೆಸರ್."

"ನಿನ್ನ ಮೂಗಿನ ವಿಷಯ ಊರಿಗೇ ಗೊತ್ತು, ಬಿಡು." ನಕ್ಕರು. "ಎರಡು ವರ್ಷ ಆಯ್ತು. ಎದುರಿಗಿರೋದು ಎಲ್ಲಾ ಮಬ್ಬು. ಓರೆಗಣ್ಣಲ್ಲಿ ನಿನ್ನ ಕಪ್ಪು ತೋಳು ಮಾತ್ರ ಕಾಣುತ್ತೆ. ಹೊಸ ಹಾಡು ಬಂದ್ರೆ ಅಕ್ಕ ಅಡುಗೆಮನೆ ಮೇಜಿನ ಮೇಲೆ ಪುಸ್ತಕ ಇಟ್ಕೊಂಡು ಒಂದೊಂದೇ ಸ್ವರ ಓದಿ ಹೇಳ್ತಾಳೆ. ನಾನು ಕಲೀತೀನಿ."

"ಹಾಗಾದ್ರೆ ಪುಸ್ತಕ ಯಾಕೆ ಇಡ್ತೀರಿ? ಒಂಟಿಯಾಗಿ ಪಿಯಾನೋ ನುಡಿಸೋರು ಯಾರೂ ಇಡಲ್ವಲ್ಲ?"

"ಅವರ ಮಾತು ಬೇರೆ. ಹಾಡಿನ ಜೊತೆ ನುಡಿಸೋನು ಪುಸ್ತಕ ಇಲ್ಲದೆ ಬಂದು ಕೂತ್ರೆ ಜನ ಅವನನ್ನ ನೋಡ್ತಾರೆ. ಹಾಡೋಳನ್ನ ನೋಡ್ಬೇಕು. ಇನ್ನೊಂದು, ಕಣ್ಣಿಲ್ಲ ಅಂತ ಗೊತ್ತಾದ್ರೆ ಈ ಪಿಯಾನೋ ಬಿಡಿಸ್ತಾರೆ. ಆಮೇಲೆ ನಾನೇನು ಮಾಡ್ಲಿ, ಬುರ್ಗಿ? ಹೇಳ್ಬೇಡ ಅಂತ ಬೇಡ್ಕೊಳ್ಳಲ್ಲ. ನಿನಗೆ ಸರಿ ಕಂಡದ್ದು ಮಾಡು."

ಹೊರಗೆ ಮೆಟ್ಟಿಲ ಬಳಿ ಲೈಟ್ನರ್ ಕಾಯುತ್ತಿದ್ದರು. "ಪುಟ ತಿರುವೋರು ವೇದಿಕೆ ಮೇಲೆ ಮಾತಾಡೋದು ಯಾವಾಗಿಂದ ಶುರುವಾಯ್ತು? ಹೇಳಿ, ಕಾಣುತ್ತೋ ಇಲ್ವೋ?"

ಕಾಣುತ್ತೆ ಎಂದು ಒಂದು ಮಾತು ಅಂದರೆ ಸಾಕಿತ್ತು. ಹಾಫ್ನರರ ಪಿಯಾನೋ ಉಳಿಯುತ್ತಿತ್ತು, ಅವಳ ಕುರ್ಚಿಯೂ ಉಳಿಯುತ್ತಿತ್ತು. ಆದರೆ ಇವತ್ತು ಬಿಳಿಚಿದ ಆ ಮುಖ ಕಣ್ಣಿಗೆ ಕಟ್ಟಿತ್ತು. ಮುಂದಿನ ಸಲ ಯಾವ ಹಾಳೆ ಹರಿದಿದೆ ಎನ್ನುವುದು? ಅದರ ಮುಂದಿನ ಸಲ? ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ. ಒದೆ ಬೀಳುವುದು ತನ್ನ ಎದೆಗೇ ಎಂದು ತಿಳಿದೂ ಹೇಳಿದಳು.

"ಕಾಣಲ್ಲ."

ಲೈಟ್ನರ್ ನಿಟ್ಟುಸಿರು ಬಿಟ್ಟು ಪೆನ್ನಿಗೆ ಕೈ ಹಾಕಿದರು.

"ತಡೀರಿ, ಪೂರ್ತಿ ಕೇಳಿ. ಕಾಣಲ್ಲ, ಒಂದೇ ಒಂದು ಸ್ವರಾನೂ ತಪ್ಪಿಲ್ಲ. ಅದೂ ಹಾಡೋಳು ಬೆಳಿಗ್ಗೆ ಬಂದು ಶ್ರುತಿ ಇಳಿಸಿದ ದಿನ. ನಿಮ್ಮ ಕಣ್ಣಿರೋ ಹುಡುಗರ ಕೈಲಿ ಮಾಡಿಸಿ ನೋಡೋಣ! ಆ ಪುಸ್ತಕ ತೆಗೆದುಹಾಕಿ. ಹಾಡಿನ ಪಟ್ಟಿ ಎರಡು ತಿಂಗಳು ಮೊದಲು ಕೊಡಿ. ಕೊನೇಲಿ ಹಾಡೋದನ್ನೂ ಮೊದಲೇ ಹೇಳಿ. ಅಷ್ಟು ಸಾಕು."

ಲೈಟ್ನರ್ ಪೆನ್ನಿನ ಮುಚ್ಚಳ ಹಾಕಿದರು. "ಪುಸ್ತಕ ತೆಗೆದ್ರೆ ನಿಮಗೇನು ಕೆಲಸ, ಫ್ರಾವ್ ಕೋಗ್ಲರ್?"

"ಗುಂಡಿ ಮಾರ್ತೀನಿ," ಎಂದಳು ಬುರ್ಗಿ. ಗಟ್ಟಿಯಾಗಿ ಹೇಳಬೇಕೆಂದುಕೊಂಡಿದ್ದಳು. ದನಿ ಒಡೆಯಿತು. ಹಾಫ್ನರರ ಕಣ್ಣಿನ ಸುದ್ದಿ ಮಾತ್ರ ಬ್ರೆಡ್ಡಿನ ಅಂಗಡಿಗೆ ಹೋಗಲಿಲ್ಲ.

ಮುಂದಿನ ನವೆಂಬರಿನ ಮೊದಲ ಭಾನುವಾರ ಬುರ್ಗಿ ಟಿಕೆಟ್ಟು ಹಿಡಿದು ನಾಲ್ಕನೆಯ ಸಾಲಿನಲ್ಲಿ ಕೂತಳು. ಕೈಯಲ್ಲಿ ಎಲ್ಲರಂತೆ ಹಾಡಿನ ಸಾಹಿತ್ಯದ ಹಾಳೆ. ಬಳೆ ತೊಟ್ಟಿದ್ದಳು, ಅತ್ತರು ಪೂಸಿಕೊಂಡಿದ್ದಳು. ಪಿಯಾನೋದ ಮೇಲೆ ಪುಸ್ತಕವಿರಲಿಲ್ಲ. ಎಡಕ್ಕೆ ಮಾತ್ರ ಒಂದು ಖಾಲಿ ಕುರ್ಚಿ ಇತ್ತು.

"ಅದ್ಯಾಕೆ ಅಲ್ಲಿ?" ಎಂದು ಪಕ್ಕದವಳನ್ನು ಕೇಳದೆ ಇರಲಾಗಲಿಲ್ಲ.

"ಪ್ರೊಫೆಸರರೇ ಇಡಿಸಿದ್ದಂತೆ. ತೆಗೀಬಾರದು ಅಂತ ಹಟ ಮಾಡಿದ್ರಂತೆ," ಎಂದಳು ಅವಳು.

ಇರ್ಮೆಲಾ ದೋಣಿಯವನ ಹಾಡು ಎತ್ತಿಕೊಂಡಳು. ಈ ಸಲ ಗಂಟಲು ಚೆನ್ನಾಗಿತ್ತು, ಶ್ರುತಿ ಮೊದಲಿನದೇ. ಮೊದಲ ಪುಟ ಮುಗಿಯುವ ಕಡೆಗೆ ಬಂದಾಗ ಹಾಫ್ನರ್ ಎಡಕ್ಕೆ, ಆ ಖಾಲಿ ಕುರ್ಚಿಯ ಕಡೆಗೆ, ಮೆಲ್ಲಗೆ ತಲೆಯಾಡಿಸಿದರು.

ಬುರ್ಗಿ ನಾಲ್ಕನೆಯ ಸಾಲಿನಲ್ಲಿ ಎದ್ದು ನಿಂತಿದ್ದಳು. ಎಡಗೈ ಚಾಚಿತ್ತು, ಬಳೆ ಘಲ್ಲೆಂದಿತು.

"ಅಮ್ಮಾವ್ರೇ, ಕೂತ್ಕೊಳ್ಳಿ, ಏನೂ ಕಾಣ್ತಿಲ್ಲ!" ಎಂದು ಹಿಂದಿನವನು ಗೊಣಗಿದ.

"ನನಗೇ ಕಣ್ರೀ ಅವರು ತಲೆಯಾಡ್ಸಿದ್ದು," ಎಂದು ಹೇಳಿ ಬುರ್ಗಿ ಕೂತಳು.